ತೀವ್ರ ಮನೋರೋಗ: ಕಲಿಕೆ ಮತ್ತು ನೆನಪಿನ ತೊಡಕುಗಳು

ಸ್ಕಿಜೋಫ್ರೀನಿಯಾದಂತಹ ತೀವ್ರ ಮನೋರೋಗಕ್ಕೆ ಒಳಗಾದವರಲ್ಲಿ ಅನೇಕರು ಚಿಕಿತ್ಸೆಯ ಫಲವಾಗಿ ಶಾಂತರಾಗಿ ಮನೆಗೆ ಮರಳುತ್ತಾರೆ. ಕಿವಿಯಲ್ಲಿ ಮೊಳಗುತ್ತಿದ್ದ ಧ್ವನಿಗಳು ನಿಂತಿರುತ್ತವೆ; ನೆರೆಹೊರೆಯವರ ಮೇಲಿನ ಸಂಶಯ ತಗ್ಗಿರುತ್ತದೆ. ಎಲ್ಲವೂ ಸರಿಹೋಯಿತೆಂದು ಮನೆಯವರು ನಂಬಿರುವಾಗ ಬೇರೊಂದು ಬಗೆಯ ತೊಂದರೆ ಕಣ್ಣಿಗೆ ಬೀಳುತ್ತದೆ. ಹಾಲು, ಸಕ್ಕರೆ, ಬೆಂಕಿಪೊಟ್ಟಣ ತರಲು ಹೋದ ಮಗ ಹಾಲನ್ನಷ್ಟೇ ತರುತ್ತಾನೆ. ಪದವೀಧರೆಯಾದ ಮಗಳಿಗೆ ಪತ್ರಿಕೆಯ ಒಂದು ಪುಟ ಮುಗಿಯುವಷ್ಟರಲ್ಲಿ ಮೊದಲ ಸಾಲುಗಳು ಮರೆತಿರುತ್ತವೆ. ಬೆಳಗಿನ ಮಾತ್ರೆ ನುಂಗಿದ್ದಾಯಿತೋ ಇಲ್ಲವೋ ಎಂಬುದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಮಾತ್ರೆ ತಪ್ಪಿದರೆ ಕಾಯಿಲೆ ಮರುಕಳಿಸುವ ಅಪಾಯವಿರುವುದರಿಂದ ಇದು ಸಣ್ಣ ಸಂಗತಿಯಲ್ಲ. ಆದರೂ ಸೋಮಾರಿತನ, ಹಠ ಎಂದು ಗದರಿಸುವುದು ಅನೇಕ ಮನೆಗಳಲ್ಲಿ ವಾಡಿಕೆ.

ವಾಸ್ತವವಾಗಿ ಇದು ಕಾಯಿಲೆಯದೇ ಒಂದು ಅಂಗ. ಜರ್ಮನಿಯ ವೈದ್ಯ ಎಮಿಲ್ ಕ್ರೆಪೆಲಿನ್ 19ನೆಯ ಶತಮಾನದ ಅಂತ್ಯದಲ್ಲಿ ಇದನ್ನು ‘ಅಕಾಲಿಕ ಬುದ್ಧಿಕ್ಷಯ’ ಎಂಬರ್ಥದ ಹೆಸರಿನಿಂದಲೇ ಕರೆದಿದ್ದರು. ಬುದ್ಧಿ ಕ್ಷಯಿಸುತ್ತಲೇ ಹೋಗುವುದೆಂಬ ನಿರಾಶೆ ಎಲ್ಲರ ವಿಷಯದಲ್ಲಿಯೂ ನಿಜವಾಗಲಿಲ್ಲ. 1908ರಲ್ಲಿ ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲೂಲರ್ ಸ್ಕಿಜೋಫ್ರೀನಿಯಾ ಎಂಬ ಹೊಸ ಹೆಸರನ್ನಿತ್ತರು. ಇಂದಿನ ಔಷಧಿಗಳು ಸಹ ಭ್ರಮೆಗಳನ್ನು ತಗ್ಗಿಸುವಷ್ಟರ ಮಟ್ಟಿಗೆ ನೆನಪಿನ ತೊಡಕನ್ನು ತಗ್ಗಿಸಲಾರವು.

ವಿಷಯವನ್ನು ಗ್ರಹಿಸುವುದು, ಉಳಿಸಿಕೊಳ್ಳುವುದು, ಬೇಕಾದಾಗ ಹೊರತೆಗೆಯುವುದು ಎಂಬ ಮೂರು ಹಂತಗಳಲ್ಲಿ ಇಲ್ಲಿ ಹೆಚ್ಚು ಸೊರಗುವುದು ಮೊದಲನೆಯದು. ಗಮನ ಚದುರುವುದರಿಂದ ಹೇಳಿದ ಮಾತು ಮನಸ್ಸಿನಲ್ಲಿ ಗಟ್ಟಿಯಾಗಿ ಅಚ್ಚೊತ್ತುವುದಿಲ್ಲ. ಒಮ್ಮೆ ಚೆನ್ನಾಗಿ ಕಲಿತದ್ದು ಬಹುಮಟ್ಟಿಗೆ ಉಳಿಯುತ್ತದೆ. ಮುಪ್ಪಿನ ಅರಳುಮರಳಿಗೂ ಇದಕ್ಕೂ ಇರುವ ಮುಖ್ಯ ಅಂತರವಿದು. ತಾನಾಗಿ ಜ್ಞಾಪಿಸಿಕೊಳ್ಳಲಾಗದ್ದನ್ನು ಎದುರಿಗಿಟ್ಟರೆ ಗುರುತಿಸಬಲ್ಲವರು ಹಲವರು. ಪದೇಪದೇ ಮಾಡಿ ಕೈಗೆ ಬರುವ ಕೆಲಸಗಳೂ ಅಷ್ಟಾಗಿ ಕೆಡುವುದಿಲ್ಲ.

ಆದುದರಿಂದ ಕಲಿಸುವ ಕ್ರಮವನ್ನೇ ಬದಲಿಸಬೇಕಾಗುತ್ತದೆ. ಒಮ್ಮೆಗೆ ಒಂದೇ ಸೂಚನೆ ನೀಡಿ, ಅದನ್ನು ಅವರ ಬಾಯಿಂದಲೇ ಹೇಳಿಸಬೇಕು. ತಪ್ಪಿ ಕಲಿಯಲಿ ಎಂದು ಬಿಡುವುದು ಇಲ್ಲಿ ಸಲ್ಲದು, ಏಕೆಂದರೆ ಮಾಡಿದ ತಪ್ಪೇ ರೂಢಿಯಾಗಿಬಿಡುವ ಸಂಭವವುಂಟು. ಮುಂಬಯಿಯಲ್ಲಿ ಮಾಟುಂಗದಿಂದ ಠಾಣೆಗೆ ಸ್ಲೋ ಲೋಕಲ್‌ನಲ್ಲಿ ಹೋಗಿಬರುವುದನ್ನು ಕಲಿಸುವುದಾದರೆ, ಮನೆಯವರು ಮೊದಲ ಹಲವು ದಿನ ಜೊತೆಯಲ್ಲಿ ಸಾಗಿ, ಅದೇ ವೇಳೆಗೆ ಅದೇ ಪ್ಲಾಟ್‌ಫಾರಂ ತೋರಿಸಬೇಕು. ಬಳಿಕ ಹಿಂದೆ ನಿಂತು ನೋಡಬಹುದು. ದಾರಿ ತಪ್ಪದೆಂಬ ಭರವಸೆ ಮೂಡಿದ ಮೇಲಷ್ಟೇ ಒಬ್ಬರನ್ನೇ ಕಳುಹಿಸಬೇಕು. ಮಾತ್ರೆಗಳಿಗೆ ವಾರದ ಏಳು ಖಾನೆಗಳ ಡಬ್ಬಿ ಒಳ್ಳೆಯದು. ಖಾಲಿ ಖಾನೆಯೇ ಉತ್ತರ ಹೇಳುತ್ತದೆ, ಜಗಳಕ್ಕೆ ಆಸ್ಪದವಿರುವುದಿಲ್ಲ.

ಕೈನಡುಕ, ಸೆಡೆತಗಳಿಗೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಕೆಲವರಲ್ಲಿ ಮರೆವನ್ನು ಹೆಚ್ಚಿಸಬಲ್ಲದು. ಅದು ಇನ್ನೂ ಅಗತ್ಯವೇ ಎಂದು ವೈದ್ಯರನ್ನು ವಿಚಾರಿಸಬೇಕು, ತಾವಾಗಿಯೇ ನಿಲ್ಲಿಸಕೂಡದು.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಅಧಿನಿಯಮದಲ್ಲಿ ಮನೋರೋಗವೂ ಸೇರಿದೆ. ಪ್ರಮಾಣಪತ್ರಕ್ಕಾಗಿ ಪರೀಕ್ಷಿಸುವಾಗ ಸ್ವಂತ ಆರೈಕೆ, ಒಡನಾಟ, ಮಾತು ಮತ್ತು ತಿಳಿವಳಿಕೆ, ದುಡಿಮೆ ಇವುಗಳನ್ನು ಅಳೆಯಲಾಗುತ್ತದೆ. ರೋಗಿಯ ಶಾಂತ ಮುಖವನ್ನು ಕಂಡು ತೊಂದರೆಯೇ ಇಲ್ಲವೆಂದು ತಿಳಿಯುವ ಸಾಧ್ಯತೆ ಇರುವುದರಿಂದ, ಮರೆವಿನ ನಿತ್ಯದ ಪ್ರಸಂಗಗಳನ್ನು ಬರೆದುಕೊಂಡು ಹೋಗುವುದು ಲೇಸು.

ಹೊರನಾಡ ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ಪದಗಳ ಪಟ್ಟಿಯನ್ನು ಓದಿ ಹೇಳಿ ನೆನಪನ್ನು ಅಳೆಯುವಾಗ, ಮನೆಯಲ್ಲಿ ಕನ್ನಡವನ್ನಷ್ಟೇ ಆಡುವವರಿಗೆ ಹಿಂದಿಯ ಅಥವಾ ಮರಾಠಿಯ ಪಟ್ಟಿ ನೀಡಿದರೆ ಭಾಷೆಯ ಕೊರತೆಯೂ ನೆನಪಿನ ಕೊರತೆಯಾಗಿ ದಾಖಲಾಗಬಹುದು. ಮಾತೃಭಾಷೆ ಯಾವುದೆಂಬುದನ್ನು ಮೊದಲೇ ತಿಳಿಸಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದವರಿಗೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಉಚಿತವಾಗಿ ಸಲಹೆ ದೊರೆಯುತ್ತದೆ. ಔಷಧಿ ಚೀಟಿಯನ್ನು ಕನ್ನಡದಲ್ಲಿ ದಪ್ಪ ಅಕ್ಷರಗಳಿಂದ ಬರೆದು ಡಬ್ಬಿಗೆ ಅಂಟಿಸುವ ಕೆಲಸವನ್ನು ಮಾತ್ರ ಮನೆಯವರೇ ಮಾಡಬೇಕು.