ತಿಳಿನೀರಿನ ಒಳಗುಟ್ಟು

ಸಂಡೂರು ತಾಲ್ಲೂಕಿನ ದರೋಜಿಯ ಸುತ್ತ ಕಲ್ಲುಬಂಡೆಗಳ ಗುಡ್ಡಗಳಿವೆ. ಮಳೆಯ ನೀರನ್ನು ಹಿಡಿದಿಟ್ಟ ವಿಶಾಲವಾದ ಕೆರೆಯಿದೆ. 1994ರಲ್ಲಿ ಸ್ಥಾಪಿತವಾದ ಸಮೀಪದ ಕರಡಿಧಾಮವನ್ನು ನೋಡಬರುವ ಪ್ರವಾಸಿಗರ ಕೈಯಲ್ಲಾದರೋ ಬಾಟಲಿಯ ನೀರಿರುತ್ತದೆ. ಕೆರೆಯ ನೀರು, ಕೊಳವೆಬಾವಿಯ ನೀರು, ಬಾಟಲಿಯ ನೀರು ಇವನ್ನು ಮೂರು ಲೋಟಗಳಲ್ಲಿ ತುಂಬಿ ಮುಂದಿಟ್ಟರೆ, ಕುಡಿಯಲು ತಕ್ಕುದು ಯಾವುದೆಂದು ನೀವು ಹೇಳಬಲ್ಲಿರಾ?

ಕೆರೆಯ ನೀರು ಕದಡಿದ್ದರೆ ಕಣ್ಣೇ ಎಚ್ಚರಿಸುತ್ತದೆ. ಆದರೆ ತಿಳಿಯಾದ ನೀರೆಲ್ಲ ಶುದ್ಧವೆಂಬುದು ಭ್ರಮೆ. ಗ್ರ್ಯಾನೈಟ್ ಶಿಲೆಯ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಎಂಬ ಅಂಶವಿದೆ. ನೆಲದಾಳದ ನೀರು ಬಹುಕಾಲ ಶಿಲೆಯ ಸಂಗದಲ್ಲಿದ್ದು ಅದನ್ನು ಕರಗಿಸಿಕೊಳ್ಳುತ್ತದೆ. ಹಾಗೆ ಕರಗಿದ ಅಂಶವು ಕಣ್ಣಿಗಾಗಲಿ ಮೂಗಿಗಾಗಲಿ ನಾಲಗೆಗಾಗಲಿ ತಿಳಿಯದು. ಬಳ್ಳಾರಿ ಜಿಲ್ಲೆಯ ಹಲವು ಕೊಳವೆಬಾವಿಗಳಲ್ಲಿ ಅದು ಮಿತಿಮೀರಿರುವುದು ಕಂಡುಬಂದಿದೆ. ಎಳವೆಯಲ್ಲಿ ಇಂಥ ನೀರು ಕುಡಿದವರ ಹಲ್ಲುಗಳಲ್ಲಿ ಕಂದು ಕಲೆಗಳು ಮೂಡುತ್ತವೆ. ಅದರ ಪ್ರಮಾಣ ಬಹಳವಾಗಿದ್ದು ವರ್ಷಗಟ್ಟಲೆ ಕುಡಿದರೆ ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ. ನಮ್ಮ ದೇಶದಲ್ಲಿ ಈ ಮೂಳೆರೋಗವನ್ನು ವೈದ್ಯರು 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ಮೊದಲು ವರದಿ ಮಾಡಿದರು. ನೀರನ್ನು ಕುದಿಸಿದರೆ ಸಾಲದೇ ಎಂದು ಕೇಳಬಹುದು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ.

ಬಾಟಲಿಯ ನೀರೂ ಎಷ್ಟೋ ವೇಳೆ ಕೊಳವೆಬಾವಿಯಿಂದಲೇ ಬಂದುದು. ಆದುದರಿಂದ ಅದಕ್ಕೂ ಪರೀಕ್ಷೆ ಬೇಕು. ಭಾರತೀಯ ಮಾನಕ ಬ್ಯೂರೋದ ಐ.ಎಸ್. 14543 ಎಂಬ ಮಾನಕದಂತೆ, ಅದರ ಒಂದು ಲೀಟರಿನಲ್ಲಿ ಕರಗಿದ ಲವಣಗಳು 500 ಮಿಲಿಗ್ರಾಂ, ನೈಟ್ರೇಟ್ 45 ಮಿಲಿಗ್ರಾಂ, ಫ್ಲೋರೈಡ್ 1 ಮಿಲಿಗ್ರಾಂ ಮೀರಕೂಡದು. 2003ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಬಾಟಲಿಯ ನೀರಿನಲ್ಲಿ ಕೀಟನಾಶಕಗಳ ಅಂಶವನ್ನು ಕಂಡುಹಿಡಿದ ಮೇಲೆ ಮಾನಕವು ಇನ್ನೂ ಬಿಗಿಯಾಯಿತು.

ಫ್ಲೋರೈಡನ್ನು ಅಳೆಯುವ ಒಂದು ಕ್ರಮ ಸರಳವಾದುದು. ಜಿರ್ಕೋನಿಯಂ ಮತ್ತು ಅಲಿಜರಿನ್ ಬೆರೆತ ಕೆಂಪು ದ್ರಾವಣವನ್ನು ನೀರಿಗೆ ಸೇರಿಸುತ್ತಾರೆ. ಫ್ಲೋರೈಡ್ ಹೆಚ್ಚಿದಂತೆಲ್ಲ ಕೆಂಪು ಅಳಿದು ಹಳದಿ ತೋರುತ್ತದೆ. ಅದನ್ನು ಬಣ್ಣದ ಪಟ್ಟಿಯೊಡನೆ ಹೋಲಿಸಿ ಪ್ರಮಾಣವನ್ನು ಅಂದಾಜು ಮಾಡುತ್ತಾರೆ. ಅಂಗಡಿಯಲ್ಲಿ ದೊರೆಯುವ ಟಿ.ಡಿ.ಎಸ್. ಮೀಟರು ಈ ಕೆಲಸ ಮಾಡಲಾರದು; ಅದು ಕರಗಿದ ಲವಣಗಳ ಒಟ್ಟು ಮೊತ್ತವನ್ನಷ್ಟೇ ಸೂಚಿಸುತ್ತದೆ. ಮೀಟರು 300 ಎಂದು ತೋರಿದ ನೀರಿನಲ್ಲಿಯೂ 2 ಮಿಲಿಗ್ರಾಂ ಫ್ಲೋರೈಡ್ ಅಡಗಿರಬಹುದು.

ಬೆಲೆ ಕೊಟ್ಟು ಕೊಂಡ ಮಾತ್ರಕ್ಕೆ ನೀರು ಶುದ್ಧವಾಗದು. ಊರಿನ ನೀರೆಂದ ಮಾತ್ರಕ್ಕೆ ಕೆಟ್ಟುದೂ ಆಗದು. ಎರಡನ್ನೂ ತೂಗುವ ತಕ್ಕಡಿ ಪರೀಕ್ಷೆಯೊಂದೇ. ಕದಡಿದ ನೀರು ತಿಳಿಯಾದೀತು. ಬಾಗಿದ ಬೆನ್ನು ನೆಟ್ಟಗಾಗದು. ಆದುದರಿಂದ ಕುಡಿಯುವ ಮೊದಲೇ ಕೇಳೋಣ: ಈ ನೀರಿನ ಪರೀಕ್ಷೆ ಆಗಿದೆಯೇ?