ವಕ್ರೀಭವನದ ಪಾಠದಲ್ಲಿ ‘ಸಾಂದ್ರ’ ಎಂಬ ಪದ

‘ಬೆಳಕು ವಿರಳ ಮಾಧ್ಯಮದಿಂದ ಸಾಂದ್ರ ಮಾಧ್ಯಮಕ್ಕೆ ಓರೆಯಾಗಿ ಪ್ರವೇಶಿಸುವಾಗ ಲಂಬದ ಕಡೆಗೆ ಬಾಗುತ್ತದೆ.’ ಅಭ್ಯಾಸ ಬೋಧನೆಯಲ್ಲಿ ಪ್ರಶಿಕ್ಷಣಾರ್ಥಿಗಳು ಈ ನಿಯಮವನ್ನು ಕಪ್ಪುಹಲಗೆಯ ಮೇಲೆ ಬರೆದು ಮುಂದೆ ಸಾಗುವುದುಂಟು. ವಿದ್ಯಾರ್ಥಿಗಾದರೋ ‘ಸಾಂದ್ರ’ ಎಂದರೆ ಹಿಂದೆ ಕಲಿತ ದ್ರವ್ಯ ಸಾಂದ್ರತೆಯೇ. ಈ ಗೊಂದಲವನ್ನು ಹೊರತರಲು ಒಂದು ಪ್ರಶ್ನೆ ಸಾಕು: ನೀರಿನ ಮೇಲೆ ಸೀಮೆಎಣ್ಣೆ ತೇಲುತ್ತಿದೆ, ನೀರಿನಿಂದ ಅದರೊಳಕ್ಕೆ ಓರೆಯಾಗಿ ಹೋಗುವ ಕಿರಣ ಯಾವ ಕಡೆಗೆ ಬಾಗುತ್ತದೆ?

ಲಂಬದ ಕಡೆಗೆ. ನೀರಿನ ವಕ್ರೀಭವನ ಸೂಚ್ಯಂಕ 1.33, ಸೀಮೆಎಣ್ಣೆಯದು 1.44. ಅಂದರೆ ಬೆಳಕಿನ ವೇಗ ನೀರಿನಲ್ಲಿ ಸೆಕೆಂಡಿಗೆ ಸುಮಾರು 2.25 ಲಕ್ಷ ಕಿ.ಮೀ., ಸೀಮೆಎಣ್ಣೆಯಲ್ಲಿ ಸುಮಾರು 2.08 ಲಕ್ಷ ಕಿ.ಮೀ. ಹಗುರವಾದ ಸೀಮೆಎಣ್ಣೆಯೇ ಇಲ್ಲಿ ದ್ಯುತಿ ಸಾಂದ್ರ ಮಾಧ್ಯಮ.

ವೇಗ ಬದಲಾದರೆ ದಿಕ್ಕೇಕೆ ಬದಲಾಗಬೇಕು? ಮೈದಾನದಲ್ಲಿ ಸುಣ್ಣದ ಗೆರೆ ಎಳೆಯಿರಿ. ಐವರು ಮಕ್ಕಳು ಪಕ್ಕಪಕ್ಕದಲ್ಲಿ ಒಂದೇ ಉದ್ದ ಕೋಲು ಹಿಡಿದು ಗೆರೆಯತ್ತ ಓರೆಯಾಗಿ ನಡೆಯಲಿ. ದಾಟಿದವರು ಹೆಜ್ಜೆಯನ್ನು ಅರ್ಧಕ್ಕೆ ಇಳಿಸಲಿ. ಮೊದಲು ದಾಟಿದವರು ನಿಧಾನವಾಗುತ್ತಾರೆ, ಉಳಿದವರು ಇನ್ನೂ ಬೇಗ ನಡೆಯುತ್ತಿರುತ್ತಾರೆ. ಸಾಲು ತಾನಾಗಿಯೇ ತಿರುಗುತ್ತದೆ. ಬೆಳಕಿನ ಅಲೆಯ ಮುಂಭಾಗ ತಿರುಗುವುದೂ ಹೀಗೆಯೇ. ಗೆರೆಗೆ ಲಂಬವಾಗಿ ನಡೆದರೆ ಎಲ್ಲರೂ ಒಟ್ಟಿಗೇ ನಿಧಾನವಾಗುತ್ತಾರೆ, ಸಾಲು ತಿರುಗುವುದಿಲ್ಲ. ಲಂಬವಾಗಿ ಬಿದ್ದ ಕಿರಣ ಬಾಗದಿರುವ ಕಾರಣ ಇದೇ.

ಪಾಠಯೋಜನೆಯಲ್ಲಿ ಈ ನಡಿಗೆ ಮೊದಲು ಬರಲಿ, ನಿಯಮ ಕೊನೆಗೆ. ಮೌಲ್ಯಮಾಪನದಲ್ಲಿ ಸೀಮೆಎಣ್ಣೆಯ ಪ್ರಶ್ನೆಯನ್ನು ಕಾರಣಸಹಿತ ಕೇಳಿ. ‘ಎಣ್ಣೆ ಹಗುರ, ಆದ್ದರಿಂದ ಲಂಬದಿಂದ ದೂರ’ ಎಂಬ ಉತ್ತರ ಬಂದರೆ ವೇಗದ ಹಂತವನ್ನು ಮತ್ತೊಮ್ಮೆ ಕಲಿಸಬೇಕಾಗುತ್ತದೆ.