ನೀಲವ್ವನ ಹೆಸರು, ಕೂಸಿನ ಹೆಸರು

ಪ್ರಶ್ನೆ: ನಮ್ಮದು ಬನಹಟ್ಟಿಯ ನೇಕಾರ ಮನೆತನ. ಮೂರು ತಿಂಗಳ ಹೆಣ್ಣುಕೂಸಿಗೆ ತಮ್ಮ ತಾಯಿ ನೀಲವ್ವನ ಹೆಸರನ್ನೇ ಇಡಬೇಕೆಂದು ಅತ್ತೆಯವರ ಹಟ. ನನಗೆ ಲಲಿತವಾದ ಹೆಸರು ಬೇಕು. ಜನನ ನೋಂದಣಿ ಹೆಸರಿಲ್ಲದೆಯೇ ಆಗಿದೆ. ಅವಧಿ ಮೀರಿತೆ?

ವಕೀಲರ ಉತ್ತರ: ಸಹೋದರಿ, ಮೀರಿಲ್ಲ. 1969ರ ಜನನ ಮರಣ ನೋಂದಣಿ ಅಧಿನಿಯಮದ ಮೇರೆಗೆ 12 ತಿಂಗಳೊಳಗೆ ಶುಲ್ಕವಿಲ್ಲದೆಯೂ, ಅನಂತರ 15 ವರ್ಷಗಳವರೆಗೆ ಶುಲ್ಕ ತೆತ್ತೂ ಹೆಸರು ಸೇರಿಸಬಹುದು.

ಹಿರಿಯರ ಹೆಸರಿಗೂ ಲಾಲಿತ್ಯಕ್ಕೂ ವೈರವಿಲ್ಲ. ನಿಮ್ಮ ನೆರೆಯ ಮುಧೋಳದ ಬಳೆಗಾರರ ಕುಲದಲ್ಲಿ ಜನಿಸಿದ ಕವಿ ರನ್ನನು, ತನಗೆ ಆಶ್ರಯವಿತ್ತ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನೇ ಮಗಳಿಗಿಟ್ಟು, ತನ್ನ ಕೃತಜ್ಞತೆಯನ್ನು ಮನೆಯಲ್ಲಿ ನಿತ್ಯವೂ ಕರೆಯುವ ಮಾತನ್ನಾಗಿ ಮಾಡಿಕೊಂಡನು. ನೀಲವ್ವನೆಂಬುದರಿಂದ ‘ಅವ್ವ’ ಎಂಬ ಗೌರವಪದವನ್ನು ಬೇರ್ಪಡಿಸಿದರೆ ‘ನೀಲಾ’ ಉಳಿಯುವುದು. ಬಸವಣ್ಣನವರ ಪತ್ನಿಯೂ ವಚನಕಾರ್ತಿಯೂ ಆದ ನೀಲಾಂಬಿಕೆಯ ಹೆಸರಿದೆ. ಲಾಲಿಹಾಡಿಗೆ ಒಪ್ಪುವ ನೀಲಾಂಬರಿ ರಾಗವಿದೆ. ನನ್ನ ಒಲವು ನೀಲಾಂಬಿಕೆಯ ಕಡೆಗೆ: ಅಂಬಿಕೆಯೆಂದರೂ ಅವ್ವನೇ ಆದುದರಿಂದ ಅತ್ತೆಯವರ ಮಾತಿನಲ್ಲಿ ಒಂದಕ್ಷರವೂ ಪೋಲಾಗದು. ನಿರ್ಧರಿಸುವ ಮುನ್ನ, ಮಗ್ಗದ ಖಟಖಟ ಸದ್ದಿನ ನಡುವೆ ಹಿತ್ತಲಿನಿಂದ ಆ ಹೆಸರನ್ನು ಎರಡು ಸಲ ಕೂಗಿ ನೋಡಿರಿ.

ಅತ್ತೆಯವರೊಡನೆ ಮಾತು ಒಂದಾದ ಮೇಲೆಯೇ ತೊಟ್ಟಿಲಿಗೆ ಹಾಕಿ, ಸೋದರತ್ತೆಯಿಂದ ಕೂಸಿನ ಕಿವಿಯಲ್ಲಿ ಹೆಸರು ಹೇಳಿಸಿರಿ. ಬಳಿಕ ಜನನ ನೋಂದಣಿಯಾದ ಕಚೇರಿಗೆ ತಂದೆತಾಯಿಗಳಿಬ್ಬರೂ ಸಹಿ ಮಾಡಿದ ಅರ್ಜಿಯನ್ನು ಕೊಟ್ಟು, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಅಕ್ಷರಗಳನ್ನು ಒಂದೊಂದಾಗಿ ಓದಿ ನೋಡಿದ ತರುವಾಯವೇ ಪ್ರಮಾಣಪತ್ರವನ್ನು ಪಡೆಯಿರಿ. ಒಮ್ಮೆ ದಾಖಲಾದ ಹೆಸರನ್ನೇ ಬದಲಿಸಬೇಕಾಗಿ ಬಂದರೆ ಮಾತ್ರ ಜಮಖಂಡಿಯಲ್ಲಿ ವಕೀಲರೊಬ್ಬರನ್ನು ಕಾಣಿರಿ.